ಕಪ್ಪು ರಿಬ್ಬನ್ನು ಕಟ್ಟುವ ಕೈ

ಬಂದರು ಬೀದಿ, ನಿನಗೆ ಗೊತ್ತಿರುವ ಅದೇ ಮನೆ
ಏಪ್ರಿಲ್ ೧೨, ಶುಕ್ರವಾರ

ಪ್ರೀತಿಯ ಜೂಹೆರ್,

ಸಲಾಮು. ನೀನೂ ನಿನ್ನ ಮರುಭೂಮಿಯೂ ನೆಮ್ಮದಿಯಾಗಿದ್ದೀರಿ ಎಂದುಕೊಂಡಿದ್ದೇನೆ. ನೀನು ಕಳಿಸಿದ ಖರ್ಜೂರ ತಲುಪಿತು ಎಂದು ತಿಳಿಸುವುದಕ್ಕೆ ಇಷ್ಟು ತಡ ಮಾಡಿದೆ. ಖರ್ಜೂರ ಮುಗಿದು ಆ ಡಬ್ಬಕ್ಕೆ ಈಗ ಸೂಜಿ, ಗುಂಡಿ ಸೇರಿಕೊಂಡಿವೆ. ಬೈಯಬೇಡ. ಫೋನು ಮಾಡಬಹುದಿತ್ತು, ಆದರೆ ನಾನು ಆಸ್ಪತ್ರೆಯ ಮಾತು ಎತ್ತಿದ ಕೂಡಲೇ ನಿನ್ನ ಊರಿನಲ್ಲಿ ಸಿಗ್ನಲ್ ಹೋಗಿಬಿಡುತ್ತದೆ. ಕಾಗದಕ್ಕೆ ಆ ಕಾಯಿಲೆ ಇಲ್ಲ. ಅರ್ಧಕ್ಕೆ ಮಡಚಿಟ್ಟರೂ ಮಾತು ಒಳಗೇ ಕಾಯುತ್ತದೆ.

ಮೊದಲು ಸುದ್ದಿ. ನಮ್ಮ ತುರ್ತು ವಿಭಾಗವನ್ನು ಮುಚ್ಚಿ ದೊಡ್ಡ ಊರಿನ ಆಸ್ಪತ್ರೆಗೆ ಸೇರಿಸುವ ಮಾತು ನಡೆದಿದೆ. ಆ ದಾರಿಯ ಸೇತುವೆ, ನೀನು ಇಲ್ಲಿದ್ದಾಗ ಆದ ಆ ಭೂಕಂಪದಲ್ಲಿ ಬಿದ್ದದ್ದು ಅಲ್ಜಿಯರ್ಸಿನ ಅಧಿಕಾರಿಗಳಿಗೆ ಮರೆತಿರಬಹುದು, ನಮಗೆ ಮರೆಯುತ್ತದೆಯೇ? ನಮ್ಮ ನಿರ್ದೇಶಕ ಡಾಕ್ಟರ್ ಬಲ್‌ಕಾಸೆಮ್ ಆ ಅಧಿಕಾರಿಗಳ ಕೈಕಾಲು ಹಿಡಿದು ಒಂದು ಅವಕಾಶ ತಂದಿದ್ದಾರೆ. ಮುಂದಿನ ತಿಂಗಳು ತನಿಖೆಯವರು ಬರುತ್ತಾರೆ, ಭೂಕಂಪವಾದಂತೆ ಅಣಕು ಕಾರ್ಯಾಚರಣೆ ಮಾಡಿ ತೋರಿಸಬೇಕು. ಸರಿ ಕಂಡರೆ ವಿಭಾಗ ಉಳಿಯುತ್ತದೆ. ಇಲ್ಲದಿದ್ದರೆ ನಾನು ಹೆರಿಗೆ ವಾರ್ಡಿನಲ್ಲಿ ಕೂಸುಗಳ ತೂಕ ನೋಡುತ್ತಾ ನಿವೃತ್ತಿ ಹೊಂದಬೇಕು.

ಸಿದ್ಧತೆಯ ವಿಷಯ ಹೇಳುತ್ತೇನೆ, ನಗು. ಜನರೇಟರಿಗೆ ಎಣ್ಣೆ ಬಂತು, ಬ್ಯಾಟರಿ ಬರಲಿಲ್ಲ. ಬ್ಯಾಟರಿ ಬಂದ ದಿನ ಅದನ್ನು ಜೋಡಿಸುವವನು ಫ್ರಾನ್ಸಿಗೆ ಹೋಗಿಬಿಟ್ಟಿದ್ದ. ನರ್ಸುಗಳೂ ಹಾಗೆಯೇ, ನಾವು ಇಲ್ಲಿ ಸೂಜಿ ಹಾಕಲು ಕಲಿಸುತ್ತೇವೆ, ಅವರು ಅಲ್ಲಿ ಹೋಗಿ ಹಾಕುತ್ತಾರೆ. ಉಳಿದವರು ಇಬ್ಬರ ಕೆಲಸ ಮಾಡುತ್ತಾ ಮೂವರ ಬೈಗುಳ ತಿನ್ನುತ್ತಾರೆ. ಮೊನ್ನೆ ಒಬ್ಬ ರೋಗಿಯ ಮಗ ನಮ್ಮ ಲಿಂದಾಳ ಮೇಲೆ ಕುರ್ಚಿ ಎತ್ತಿದ. ಅವಳು, "ಎತ್ತಿದ್ದೀಯಲ್ಲ, ಹಾಗೇ ಆ ಕಿಟಕಿ ಹತ್ರ ಇಡಪ್ಪ, ನಿಮ್ಮಮ್ಮಂಗೆ ಗಾಳಿ ಬರ್ಲಿ" ಎಂದಳಂತೆ. ಅವನು ಇಟ್ಟನಂತೆ. ಈ ಹುಡುಗಿ ಗಟ್ಟಿ, ಜೂಹೆರ್. ಪ್ಯಾರಾಮೆಡಿಕಲ್ ಶಾಲೆಯಿಂದ ಬಂದ ಹೊಸದರಲ್ಲಿ ನೀನು ಹೀಗೇ ಇದ್ದೆ.

ನನಗೆ ಆ ದಿನಗಳೇ ನೆನಪಾಗುತ್ತವೆ. ನಾನು ಬಕೆಟ್ಟು ಹಿಡಿದು ನೆಲ ಒರೆಸುತ್ತಿದ್ದವಳು, ನೀನು ಬಿಳಿ ಕೋಟಿನವಳು. ಹಿಂದಿನ ಮೆಟ್ಟಿಲ ಮೇಲೆ ಕೂತು ನೀನು ನನಗೆ ನಾಡಿ ಹಿಡಿಯಲು ಕಲಿಸಿದೆ, ಅದಕ್ಕೆ ಬದಲಾಗಿ ನಾನು ನಿನ್ನ ಕೋಟಿಗೆ ಇಸ್ತ್ರಿ ಹಾಕುತ್ತಿದ್ದೆ. ಲಾಭ ನನಗೇ ಆಯಿತು ಎಂದು ಆಗಲೂ ಗೊತ್ತಿತ್ತು, ಬಾಯಿ ಮುಚ್ಚಿಕೊಂಡಿದ್ದೆ. ಶುಕ್ರವಾರ ರೋಗಿಗಳ ಮನೆಯವರು ಕುಸ್‌ಕುಸ್ ತರುತ್ತಿದ್ದರಲ್ಲ, ಯಾವ ಮನೆಯವರು ತುಪ್ಪ ಹೆಚ್ಚು ಹಾಕುತ್ತಾರೋ ಆ ರೋಗಿಯ ಮಂಚಕ್ಕೆ ನಾವು ಮೊದಲು ಓಡುತ್ತಿದ್ದೆವು. ಹಿರಿಯ ನರ್ಸ್ ಲಾಲ್ಲಾ ಫರೂಜಾ ಬಾಗಿಲಲ್ಲಿ ನಿಂತು, "ಏನ್ರೇ, ಆ ಮಂಚದವನಿಗೆ ಮಾತ್ರ ಜ್ವರ ಇದೆಯೇನು?" ಎನ್ನುತ್ತಿದ್ದರು. ಬಾಯೊರೆಸಿಕೊಂಡು ನಿಲ್ಲುತ್ತಿದ್ದೆವು. ಈಗ ಹಿರಿಯ ನರ್ಸ್ ಆಗಿ ನಾನೇ ಆ ಬಾಗಿಲಲ್ಲಿ ನಿಲ್ಲುತ್ತೇನೆ. ಈಗಲೂ ಕುಸ್‌ಕುಸ್ ಬರುತ್ತದೆ, ತುಪ್ಪ ಕಡಿಮೆಯಾಗಿದೆ.

ಈಗ ವಿಷಯಕ್ಕೆ ಬರುತ್ತೇನೆ. ಕಳೆದ ಭಾನುವಾರ ಅಂಗಳದಲ್ಲಿ ಅಭ್ಯಾಸ ಇಟ್ಟುಕೊಂಡಿದ್ದೆವು. ಗಾಯಾಳುಗಳ ವೇಷಕ್ಕೆ ಬಂದರು ಬೀದಿಯವರನ್ನೇ ಕರೆದಿದ್ದೆ. ಬಣ್ಣದ ಕಾರ್ಡುಗಳು ಬಂದಿರಲಿಲ್ಲ, ಹಳೆಯ ಹೊದಿಕೆ ಹರಿದು ಬಣ್ಣ ಅದ್ದಿ ರಿಬ್ಬನ್ನು ಮಾಡಿಸಿದೆ. ಡಾಕ್ಟರ್ ಬಲ್‌ಕಾಸೆಮ್ ಹುಡುಗಿಯರಿಗೆ ವಿವರಿಸಿದರು: ನಡೆಯಬಲ್ಲವರಿಗೆ ಹಸಿರು, ಸ್ವಲ್ಪ ಕಾಯಬಲ್ಲವರಿಗೆ ಹಳದಿ, ತಕ್ಷಣ ಒಳಗೆ ಹೋಗಬೇಕಾದವರಿಗೆ ಕೆಂಪು, ಉಸಿರಿದ್ದರೂ ನಮ್ಮ ಕೈ ಮೀರಿದವರಿಗೆ ಕಪ್ಪು, ಅವರನ್ನು ದಾಟಿ ಮುಂದೆ ಹೋಗಬೇಕು.

ಲಿಂದಾ ಚುರುಕಾಗಿ ಶುರುಮಾಡಿದಳು. ಮೀನು ಮಾರುವ ತಾವಸ್ ಅಜ್ಜಿಗೆ ಕಪ್ಪು ಎಂದು ಮೊದಲೇ ಚೀಟಿ ಕೊಟ್ಟಿದ್ದೆವು. ಅಜ್ಜಿ ಕಣ್ಣು ಮುಚ್ಚಿ ಚೆನ್ನಾಗಿಯೇ ನರಳುತ್ತಿತ್ತು. ರಿಬ್ಬನ್ನು ಕೈಗೆ ತಾಗಿದ್ದೇ ತಡ, ಎದ್ದು ಕೂತಿತು.

"ಏನೇ ಇದು, ಕಪ್ಪು! ನನ್ನ ಸೊಸೆ ಅಲ್ಲಿ ನಿಂತು ನೋಡ್ತಾ ಇದ್ದಾಳೆ, ಅವಳ ಮುಂದೇನೇ ನನ್ನ ಸಾಯಿಸ್ತೀಯಾ?"

ಸೊಸೆ ದೂರದಿಂದಲೇ, "ನಾನೇನೂ ಹೇಳ್ಲಿಲ್ಲ ಅತ್ತೆ, ಅವರೇ ಕಟ್ಟಿದ್ದು!" ಎಂದಳು. ಅಂಗಳವೆಲ್ಲ ನಗು. ಸತ್ತವರೂ ಗಾಯಾಳುಗಳೂ ಹೊಟ್ಟೆ ಹಿಡಿದುಕೊಂಡು ಬಿದ್ದರು.

ಆದರೆ ಲಿಂದಾ ನಗಲಿಲ್ಲ. ಅಲ್ಲಿಂದ ಮುಂದೆ ಅವಳು ಎಲ್ಲರಿಗೂ ಕೆಂಪೇ ಕಟ್ಟಿದಳು. ಅವಳನ್ನು ನೋಡಿ ಉಳಿದ ಹುಡುಗಿಯರೂ ಕೆಂಪೇ. ಅಂಗಳ ಮದುವೆ ಚಪ್ಪರದ ಹಾಗೆ ಕೆಂಪಾಯಿತು.

"ಎಲ್ಲರೂ ಕೆಂಪಾದ್ರೆ ಹೇಗಮ್ಮ?" ಡಾಕ್ಟರು ತಲೆ ಹಿಡಿದುಕೊಂಡರು. "ನಮಗಿರೋದು ಒಂದೇ ಆಪರೇಷನ್ ಕೋಣೆ. ಉಳಿಯಬೇಕಾದವನು ಬಾಗಿಲಲ್ಲೇ ಹೋಗ್ತಾನೆ."

"ಗೊತ್ತು ಡಾಕ್ಟ್ರೇ. ಪರೀಕ್ಷೇಲಿ ಬರೀತೀನಿ, ಬಾಯಲ್ಲಿ ಹೇಳ್ತೀನಿ. ಉಸಿರಾಡ್ತಾ ಇರೋ ಮನುಷ್ಯನ ಕೈಗೆ ಕಪ್ಪು ಕಟ್ಟು ಅಂದ್ರೆ ಕಟ್ಟಲ್ಲ. ಅದು ದೇವರ ಕೆಲಸ, ನನ್ನ ಸಂಬಳದಲ್ಲಿ ಅದು ಸೇರಿಲ್ಲ."

ಆಮೇಲೆ ಅವಳನ್ನು ಔಷಧಿ ಕೋಣೆಗೆ ಕರೆದುಕೊಂಡು ಹೋಗಿ ಕಾಫಿ ಕೊಟ್ಟೆ. "ಅಪಶಕುನ ಅಂತ ಹೆದರಿಕೆನಾ?" ಎಂದೆ.

"ಶಕುನ ಗಿಕುನ ಏನಿಲ್ಲ ವರ್ದಿಯಕ್ಕ. ಕಟ್ಟಿ ಎದ್ದು ಹೋಗಬೇಕಲ್ಲ, ಅದು. ನಾನು ಹೋದ್ಮೇಲೆ ಅವರ ಹತ್ರ ಯಾರೂ ಇರಲ್ಲ. ಕೊನೇ ಗಳಿಗೇಲಿ ಕಿವೀಲಿ ದೇವರ ಕಲಿಮಾ ಹೇಳೋಕೂ ಒಬ್ಬರಿಲ್ಲದೆ ಹೋಗ್ತಾರೆ. ನಮ್ಮಲ್ಲಿ ನಾಯಿನೂ ಹಾಗೆ ಬಿಡಲ್ಲ."

ಅವಳ ಲೋಟಕ್ಕೆ ಇನ್ನಷ್ಟು ಕಾಫಿ ಸುರಿದೆ. ಕಿಟಕಿಯಿಂದ ಗೇಟಿನ ಕಡೆ ನೋಡಿದೆ. ಅಣಕು ಎಂದು ಗೊತ್ತಿದ್ದೂ ಊರಿನ ಅರ್ಧ ಜನ ಅಲ್ಲಿ ಸೇರಿ ಕಾವಲುಗಾರನ ಜೊತೆ ಜಗಳವಾಡುತ್ತಿದ್ದರು. ಯಾರಾದರೂ ಬಿದ್ದರೆ ಇಡೀ ವಂಶ ಆಸ್ಪತ್ರೆಗೆ ನುಗ್ಗುವುದು ನಮ್ಮ ಪದ್ಧತಿ. ಗೇಟಿಗೆ ಬೀಗ ಹಾಕಿ ಎಂದು ಯೋಜನೆಯಲ್ಲಿ ಬರೆದಿದೆ. ಆ ಜನರಿಗೆ ಬೀಗ ಹಾಕುವುದು ಸಮುದ್ರಕ್ಕೆ ಬೇಲಿ ಹಾಕಿದಂತೆ. ಪುಕ್ಕಟೆ ಬಂದ ಜನ ಸುಮ್ಮನೆ ಯಾಕೆ ನಿಲ್ಲಬೇಕು ಎಂದು ನನ್ನ ಲೆಕ್ಕದ ಬುದ್ಧಿ ಕೇಳಿತು. ಹೊರಗೆ ಹೋಗಿ ಕೂಗಿದೆ: "ಕಲಿಮಾ ಹೇಳೋಕೆ ಬರೋ ಹಿರಿಯರು, ಅಳದೇ ಕೂರೋಕಾಗೋರು ಯಾರಿದ್ದೀರಿ?"

ಮೊದಲು ಕೈಯೆತ್ತಿದ್ದು ಯಾರು ಗೊತ್ತೇ? ತಾವಸ್ ಅಜ್ಜಿ. "ಸಾಯೋ ಕೆಲಸ ಬೇಡಮ್ಮ, ಕೂರೋ ಕೆಲಸ ಕೊಡು. ಇಡೀ ದಿನ ಮೀನಿನ ಮುಂದೆ ಕೂತು ಅಭ್ಯಾಸ ಇದೆ."

ಹೀಗೆ ನಮ್ಮಲ್ಲಿ ಈಗ ಕೂರುವವರ ಒಂದು ಪಂಗಡವಿದೆ. ಕಪ್ಪು ಕಟ್ಟಿದ ಪ್ರತಿಯೊಬ್ಬರಿಗೆ ಒಬ್ಬರು. ಕೈ ಹಿಡಿದುಕೊಳ್ಳಬೇಕು, ತುಟಿ ಒದ್ದೆ ಮಾಡಬೇಕು, ಕಲಿಮಾ ಹೇಳಬೇಕು, ಎದ್ದು ಹೋಗಬಾರದು. ಡಾಕ್ಟರಿಗೂ ಒಪ್ಪಿಗೆಯಾಯಿತು; ಇದು ಯೋಜನೆಯಲ್ಲಿಲ್ಲವಲ್ಲ ಎಂದು ಕೊರಗುತ್ತಾ, ಪೆನ್ನು ತೆಗೆದು ತಾವೇ ಸೇರಿಸಿದರು.

ಇಷ್ಟಾದರೂ ಬುಧವಾರದ ಅಭ್ಯಾಸದಲ್ಲಿ ಲಿಂದಾಳ ಕೈ ಕಪ್ಪಿನ ಹತ್ತಿರ ಬಂದು ನಿಂತುಬಿಟ್ಟಿತು. "ನೀವು ಕಟ್ಟಿದ್ದೀರಾ ಅಕ್ಕಾ?" ಎಂದು ಕೇಳಿದಳು. ಇಲ್ಲ. ಭೂಕಂಪದ ದಿನ ನಾನು ಒಳಗೆ, ಆಪರೇಷನ್ ಕೋಣೆಯಲ್ಲಿದ್ದೆ. ಅಂಗಳದಲ್ಲಿ ಇದ್ದವಳು ನೀನು. ಈ ಆಸ್ಪತ್ರೆಯಲ್ಲಿ ಕೆಲಸ ಮಾಡಿದವರಲ್ಲಿ ನಿಜವಾದ ಮನುಷ್ಯರ ಕೈಗೆ ಅದನ್ನು ಕಟ್ಟಿದವಳು ನೀನೊಬ್ಬಳೇ. ಪುಸ್ತಕ ಓದಿದವರು ಹೇಳಿದರೆ ಈ ಹುಡುಗಿಯರು ಕೇಳುವುದಿಲ್ಲ, ನಾನು ಹೇಳಿದರೆ ನಗುತ್ತಾರೆ. ನೀನು ಬಂದು ಅಂಗಳದಲ್ಲಿ ಒಂದು ದಿನ ಅವರ ಜೊತೆ ನಡೆದರೆ ಸಾಕು. ಇದಕ್ಕೇ ಈ ಕಾಗದ. ಬಾ. ಮಧ್ಯಾಹ್ನದ ಬಸ್ಸು ಈಗ ಬಂದರಿನ ತನಕ ಬರುತ್ತದೆ. ನಿನ್ನ ಮಂಡಿ ನೋವು ಎಂಬ ಕಾರಣ ಬರೆಯಬೇಡ, ನನ್ನದು ನಿನ್ನದಕ್ಕಿಂತ ಹಳೆಯದು.

ನಿನ್ನ ಕಣ್ಣು ತಂಪಾಗಿರಲಿ, ನಿನ್ನ ಮನೆಯ ಬಾವಿ ಬತ್ತದಿರಲಿ. ನಿನ್ನ ತಂಗಿಯ ಮಕ್ಕಳಿಗೆ ನನ್ನ ಮುತ್ತು. ಲಾಲ್ಲಾ ಫರೂಜಾ ಇದ್ದಿದ್ದರೆ ನಿನ್ನನ್ನು ಕಿವಿ ಹಿಡಿದು ಕರೆತರುತ್ತಿದ್ದರು. ನಾನು ಬರೀ ಬೇಡಿಕೊಳ್ಳುತ್ತೇನೆ.

ನಿನ್ನವಳೇ ಆದ
ವರ್ದಿಯಾ

ಮರೆತಿದ್ದು: ಮರೆತಿಲ್ಲ, ಸುಳ್ಳು. ಕಾಗದ ಮಡಚಿ ಮತ್ತೆ ಬಿಚ್ಚಿದ್ದೇನೆ.

ಜೂಹೆರ್, ಆ ದಿನ ನನ್ನ ತಮ್ಮ ಅರೆಸ್ಕಿಯನ್ನು ಕಾರಿನ ಹಿಂದಿನ ಸೀಟಿನಲ್ಲಿ ಹಾಕಿಕೊಂಡು ತಂದರಲ್ಲ, ಅವನ ಕೈಗೆ ಕಪ್ಪು ಕಟ್ಟಿದವಳು ನೀನೇ ಎಂದು ನನಗೆ ಅವತ್ತೇ ಗೊತ್ತಾಯಿತು. ಸಂಜೆ ಹೊರಗೆ ಬಂದಾಗ ಗಂಟು ನೋಡಿದೆ, ನಿನ್ನ ಗಂಟು ನನಗೆ ಗೊತ್ತಿಲ್ಲವೇ? ಒಳಗೆ ನಾನು ಯಾರೋ ಒಬ್ಬ ಹುಡುಗಿಯ ಕಾಲು ಹಿಡಿದು ನಿಂತಿದ್ದೆ. ನೀನು ನನ್ನನ್ನು ಕರೆಯಲಿಲ್ಲ. ಕರೆದಿದ್ದರೆ ನಾನು ಕೆಂಪು ಕಟ್ಟಿಸುತ್ತಿದ್ದೆ, ಆ ಹುಡುಗಿ ಹೋಗುತ್ತಿದ್ದಳು, ಅವನೂ ಉಳಿಯುತ್ತಿರಲಿಲ್ಲ. ನೀನು ಮಾಡಿದ್ದು ಸರಿ. ಊರಿನವರ ಮುಂದೆಲ್ಲ ಇದನ್ನು ಹೇಳಿದ್ದೇನೆ. ನಿನ್ನ ಮುಂದೆ ಹೇಳುವ ಮೊದಲೇ ನೀನು ದಕ್ಷಿಣಕ್ಕೆ ವರ್ಗ ಮಾಡಿಸಿಕೊಂಡು ಹೋದೆ.

ನನಗೆ ಬೇಕಿರುವುದು ಬೇರೆ. ಅಮ್ಮ ಹೋಗುವ ಮುಂಚೆ ಕೇಳಿದಳು: "ಅವನ ಹತ್ರ ಯಾರಿದ್ರೇ ಕೊನೇಲಿ?" ನಾನು, "ಜೂಹೆರ್ ಕೂತಿದ್ದಳಮ್ಮ" ಎಂದೆ. ಅವಳು ಸಮಾಧಾನದಿಂದ ಕಣ್ಣು ಮುಚ್ಚಿದಳು.

ನಾನು ಹೇಳಿದ್ದು ನಿಜವೋ ಸುಳ್ಳೋ ನನಗೆ ಇವತ್ತಿಗೂ ಗೊತ್ತಿಲ್ಲ. ಯಾವ ಉತ್ತರವಾದರೂ ಸರಿ. ಕಾಗದದಲ್ಲಿ ಬರೆಯಬೇಡ, ಬಂದು ನನ್ನ ಪಕ್ಕ ಕೂತು ಹೇಳು.