ಟಾಕೀಸಿನ ಹಿಂದಿನ ಎರಡು ಪ್ಲಗ್

ಮನೆ, ಮಹಡಿ ಮೆಟ್ಟಿಲು
ಮಂಗಳವಾರ, ಹತ್ತನೇ ತಾರೀಕು, ಮಧ್ಯಾಹ್ನ

ಮಹಾರಾಣಿ ಅಕ್ಕನವರ ಸನ್ನಿಧಾನಕ್ಕೆ, ಚಿಕ್ಕ ಪ್ರಜೆಯ ದೊಡ್ಡ ನಮಸ್ಕಾರ.

ಕೆಮ್ಮು ಹೇಗಿದೆ? ಸರ್ವೆ ಕ್ಯಾಂಪಿನ ಡೇರೆಯಲ್ಲಿ ಚಳಿ ಕಡಿಮೆಯಾಯಿತೇ? ಅಮ್ಮ ಮೂರು ಸಲ ಕೇಳು ಅಂದಳು. ಮೂರನ್ನೂ ಒಟ್ಟಿಗೆ ಕೇಳುತ್ತಿದ್ದೇನೆ. ನಿನ್ನ ಫೋನು ಹೊಳೆಗೆ ಬಿದ್ದು ಪ್ರಾಣ ಬಿಟ್ಟದ್ದಕ್ಕೆ ಇಲ್ಲಿ ಎರಡು ನಿಮಿಷ ಮೌನ ಆಚರಿಸಿದೆವು. ಅಪ್ಪ ಆಚರಿಸಲಿಲ್ಲ, ಬೈದರು. ಈ ಪತ್ರ ಕ್ಯಾಂಪಿಗೆ ಸಾಮಾನು ಒಯ್ಯುವ ಲಾರಿಯಲ್ಲಿ ಬರುತ್ತಿದೆ. ಶನಿವಾರ ನೀನು ಮನೆಗೆ ಹೊರಟು ಕಾರು ಹತ್ತುವ ಮೊದಲು ನಿನ್ನ ಕೈ ಸೇರಲೇಬೇಕು.

ಈಗ ತಪ್ಪೊಪ್ಪಿಗೆ. ದಾರಿಯಲ್ಲಿ ನಿನ್ನ ಬ್ಯಾಟರಿ ಕಾರನ್ನು ಎಲ್ಲೆಲ್ಲಿ ಚಾರ್ಜ್ ಮಾಡಬೇಕೆಂದು ಹೋದ ವಾರದ ಲಾರಿಯಲ್ಲಿ ನಿನಗೆ ಕಳಿಸಿದ ಪಟ್ಟಿಯಲ್ಲಿ ಮೊದಲ ಎರಡು ಜಾಗ ಅಪ್ಪ ಹುಡುಕಿದವು. ನಮ್ಮ ಮನೆಯ ಕಾನೂನು ಗೊತ್ತಲ್ಲ: ಜಾಗ ಬರೆದವರೇ ಅಲ್ಲಿಗೆ ಫೋನು ಮಾಡಿ, ಪ್ಲಗ್ ಕೆಲಸ ಮಾಡುತ್ತಿದೆಯೇ ಎಂದು ಕೇಳಿ, ಪಕ್ಕದಲ್ಲಿ ಸಹಿ ಹಾಕಬೇಕು. ಮೂರನೆಯದು ನನ್ನ ಪಾಲಿಗೆ ಬಂತು. 'ನಾಲ್ಕುನೂರ ಹನ್ನೆರಡನೇ ಕಿಲೋಮೀಟರ್, ಮುಚ್ಚಿದ ಟಾಕೀಸಿನ ಹಿಂದೆ, ಎರಡು ಪ್ಲಗ್' ಎಂದು ಬರೆದೆ. ಅಲ್ಲಿ ಟಾಕೀಸೂ ಇಲ್ಲ, ಪ್ಲಗ್ಗೂ ಇಲ್ಲ, ಬರೀ ಬಯಲು. ಫೋನ್ ನಂಬರು ಬಾಯಿಗೆ ಬಂದ ಅಂಕಿಗಳು. ಸಹಿ ಮಾತ್ರ ಅಸಲಿ. ಅದಕ್ಕಿಂತ ಒಂಬತ್ತು ಕಿಲೋಮೀಟರ್ ಮೊದಲೇ, ಹಿಟ್ಟಿನ ಗಿರಣಿಯ ಅಂಗಳದಲ್ಲಿ, ನಿಜವಾದ ಚಾರ್ಜರ್ ಇದೆ. ನಾನು ಬಯಲಲ್ಲಿ ಕಾದು ನಿಂತು, ನಿನ್ನ ಮುಖದ ಬಣ್ಣ ನೋಡಿ, ಆಮೇಲೆ ಗಿರಣಿಗೆ ಕರೆದೊಯ್ಯಬೇಕೆಂಬುದು ಘನ ಉದ್ದೇಶವಾಗಿತ್ತು.

ನಿನ್ನೆ ಅಪ್ಪ ನನ್ನ ಸಹಿಯ ಮೇಲೆ ಅನುಮಾನಪಟ್ಟು ಆ ನಂಬರಿಗೆ ಫೋನು ಮಾಡಿದರು. ನಾನು ಬಾಗಿಲ ಹಿಂದೆ ನಗು ತಡೆದುಕೊಂಡು ನಿಂತಿದ್ದೆ. ಯಾರೋ ಎತ್ತಿದರು. ಅಪ್ಪ "ಒಳ್ಳೇದು, ಒಳ್ಳೇದು" ಅಂದು ಇಟ್ಟರು. "ಪರವಾಗಿಲ್ವೋ, ಜನ್ಮದಲ್ಲಿ ಒಂದು ಕೆಲಸ ನೆಟ್ಟಗೆ ಮಾಡಿದ್ದೀಯ. ಎರಡು ಪ್ಲಗ್ಗೂ ಖಾಲಿ ಇಟ್ಟಿರ್ತಾರಂತೆ. ಬೂದು ಬಣ್ಣದ ಕಾರು, ಒಬ್ಬಳೇ ಬರೋದಲ್ವಾ ಅಂತ ಅವರೇ ಕೇಳಿದ್ರು."

ಕಾರಿನ ಬಣ್ಣ ಅಪ್ಪ ಹೇಳಿರಲಿಲ್ಲ, ಅಕ್ಕ. ನೀನು ಒಬ್ಬಳೇ ಅಂತಲೂ ಹೇಳಿರಲಿಲ್ಲ.

ಅಲ್ಲೇ ನಿಜ ಬಾಯಿಬಿಟ್ಟೆ. "ನಾನೇ ಮಾತಾಡಿದ್ದೀನಿ, ನಿನ್ನ ಆಟ ಸಾಕು" ಅಂದರು. ಹುಟ್ಟಿದಾಗಿನಿಂದ ಕಷ್ಟಪಟ್ಟು ಗಳಿಸಿದ ಕೀರ್ತಿ ಇಂಥ ಹೊತ್ತಿನಲ್ಲೇ ಫಲ ಕೊಡಬೇಕೇ?

ಇವತ್ತು ಬೆಳಿಗ್ಗೆ ನಾನೇ ಫೋನು ಮಾಡಿದೆ. ನಾನು ಬಾಯಿ ತೆರೆಯುವ ಮೊದಲೇ ಆ ಕಡೆಯಿಂದ ಬಂತು: "ಚಿಕ್ಕ ಪ್ರಜೆಯ ದೊಡ್ಡ ನಮಸ್ಕಾರ." ನಿನ್ನನ್ನು ಬಿಟ್ಟು ಬೇರೆ ಯಾರಿಗೂ ನಾನು ಹೇಳದ ಮಾತು. ನನ್ನದೇ ದನಿ, ನನ್ನದೇ ರಾಗ. ಆಮೇಲೆ ನಾನು ನಗುವ ಹಾಗೆಯೇ, ಮೂಗಿನಲ್ಲಿ, ನಕ್ಕಿತು.

ಅಮ್ಮನ ಆಶೀರ್ವಾದ. ಟೈರಿನ ಗಾಳಿ ನೋಡಿಕೊಳ್ಳಬೇಕೆಂದು ಅಪ್ಪನ ಅಪ್ಪಣೆ.

ನಿನ್ನ ಬೆನ್ನು ಬಿಡದ
ಬಾಲಂಗೋಚಿ

ವಿ.ಸೂ.: ಲಾರಿ ಹಾರ್ನ್ ಹೊಡೆಯುತ್ತಿದೆ. ಇದೂ ನನ್ನ ತಮಾಷೆಯೇ ಅಂದುಕೊಳ್ಳುತ್ತೀಯ. ಅಂದುಕೋ, ಆದರೆ ಗಿರಣಿಯಲ್ಲೇ ನಿಲ್ಲಿಸು. ಶನಿವಾರ ಮಧ್ಯಾಹ್ನದಿಂದ ನಾನು ಅಲ್ಲೇ ಇರುತ್ತೇನೆ, ಬಾಯಿ ಮುಚ್ಚಿಕೊಂಡು. ಅಕಸ್ಮಾತ್ ಮುಂದೆ ಹೋಗಿ, ಅಲ್ಲೊಂದು ಟಾಕೀಸು ಕಂಡು, ಅದರ ಹಿಂದಿನಿಂದ ಯಾರಾದರೂ ನಿನ್ನನ್ನು ನಗಿಸುತ್ತಾ ಕರೆದರೆ ಇಳಿಯಬೇಡ. ನಗಿಸುವವನು ನಾನಲ್ಲ.