ಹಾಳೆಯ ಹಿಂಬದಿ

ಅಮ್ಮಾ,

ಇವತ್ತು ನಮ್ಮ ಸ್ತನ ತಪಾಸಣೆ ಕೇಂದ್ರದ ಕೌಂಟರಿಗೆ ಎಪ್ಪತ್ತೈದು ದಾಟಿದ ಒಬ್ಬ ಅಜ್ಜಿ ಬಂದಿದ್ದರು, ಜೊತೆಗೆ ಸೊಸೆ. ಸಾಲು ಬೇಗ ಸರಿಯಲೆಂದು ನಾನು ಎಂದಿನಂತೆ ಒಪ್ಪಿಗೆ ಹಾಳೆಯನ್ನು ಸಹಿಯ ಜಾಗ ಮಾತ್ರ ಕಾಣುವ ಹಾಗೆ ಮಡಚಿ ಮುಂದಿಟ್ಟೆ. ಅಜ್ಜಿ ಅದನ್ನು ಬಿಡಿಸಿ, ತಿರುಗಿಸಿ, "ಹಿಂದೆ ಏನೋ ಬರ್ದಿದೆಯಲ್ಲಮ್ಮ, ಓದಿ ಹೇಳು" ಎಂದರು.

"ಅತ್ತೆ, ಅವ್ರಿಗೆ ಬೇರೆ ಕೆಲ್ಸ ಇಲ್ವಾ? ಸುಮ್ನೆ ಸಹಿ ಹಾಕಿ," ಎಂದಳು ಸೊಸೆ.

"ಎದೆ ನಂದು ಕಣೇ, ನಿಂದಲ್ಲ."

ಓದಿದೆ. ತಪಾಸಣೆಯಿಂದ ಜೀವ ಉಳಿಯಬಹುದು. ಆದರೆ ವಯಸ್ಸಾದವರಲ್ಲಿ ಸಿಗುವ ಕೆಲವು ಕ್ಯಾನ್ಸರ್ ಗಂಟುಗಳು ಬದುಕಿರುವ ತನಕ ತೊಂದರೆಯನ್ನೇ ಕೊಡದಿರಬಹುದು. ಯಾವುದು ಅಂಥದ್ದೆಂದು ಮೊದಲೇ ಹೇಳಲಾಗದು, ಹಾಗಾಗಿ ಬೇಡದಿದ್ದವರಿಗೂ ಆಪರೇಷನ್ ಆಗಿಬಿಡಬಹುದು. ಬೇಡ ಎನ್ನುವ ಹಕ್ಕು ನಿಮಗಿದೆ. ಅಜ್ಜಿ ಕನ್ನಡಕ ಒರೆಸಿಕೊಂಡು, "ಯೋಚ್ನೆ ಮಾಡಿ ಹೇಳ್ತೀನಿ" ಎಂದು ಎದ್ದು ಹೋದರು.

ನಲವತ್ತು ವರ್ಷ ಹೆಂಗಸರ ಬಟ್ಟೆ ಹೊಲಿದವಳು ನೀನು. ಗಿರಾಕಿಯನ್ನು ಎರಡು ಸಲ ಕೇಳದೆ ಬಟ್ಟೆಗೆ ಕತ್ತರಿ ಹಾಕಿದವಳಲ್ಲ. ನಮ್ಮ ಕೇಂದ್ರದ ತಪಾಸಣೆಯಲ್ಲೇ ಗಂಟು ಸಿಕ್ಕಿ, ಎದೆಯ ಆಪರೇಷನ್ ಆದ ಮೇಲೆ ಬಲಗೈ ಬಾತುಕೊಂಡು, ಆ ಕತ್ತರಿಯ ಹಿಡಿಯೊಳಗೆ ನಿನ್ನ ಬೆರಳೇ ತೂರಲಿಲ್ಲ. "ಜೀವ ಉಳೀತಲ್ಲ" ಎಂದು ನಾನು ಎಲ್ಲರ ಹತ್ತಿರ ಹೇಳಿಕೊಂಡು ತಿರುಗಿದೆ. ನಿನ್ನದು ಯಾವ ಬಗೆಯ ಗಂಟೋ, ಯಾರಿಗೂ ಗೊತ್ತಿಲ್ಲ. ಎರಡು ವರ್ಷದ ನಂತರ ನಿನ್ನನ್ನು ಕರೆದುಕೊಂಡು ಹೋದದ್ದು ಹೃದಯಾಘಾತ.

ತಪಾಸಣೆಗೆ ಬಂದ ದಿನ ನಿನ್ನ ಮುಂದೆಯೂ ಹಾಳೆಯನ್ನು ಹೀಗೇ ಮಡಚಿ ಇಟ್ಟಿದ್ದೆ. ನೀನು ಪೆನ್ನು ಹಿಡಿದು, "ನಾನು ತಿಳ್ಕೋಬೇಕಾದ್ದು ಏನಾದ್ರೂ ಇದೆಯೇನೇ?" ಎಂದು ಕೇಳಿದೆ.

"ಏನಿಲ್ಲಮ್ಮ, ಹಾಕು" ಎಂದೆ.

ಹಿಂಬದಿ ಆಗಲೇ ನನಗೆ ಬಾಯಿಪಾಠವಾಗಿತ್ತು.