ಕೈಯಲ್ಲಿ ಒಂದು

ಮನೆ, ಕಿಟಕಿ ಪಕ್ಕದ ಮೇಜು
ಭಾನುವಾರ, ಒಂಬತ್ತನೆಯ ತಾರೀಖು

ನನ್ನ ಅಮ್ಮನಿಗೆ, ಅಂದರೆ ಸದ್ಯಕ್ಕೆ ಅಕ್ಕನ ಅಮ್ಮನಿಗೆ, ಪ್ರೀತಿಯ ನಮಸ್ಕಾರಗಳು.

ನಿನ್ನ ಮೊಣಕಾಲು ಹೇಗಿದೆ? ಅಕ್ಕನ ಮನೆಯ ಮಂಚ ತಗ್ಗು, ಏಳುವಾಗ ಜೀವ ಹೋಗುತ್ತದೆ ಎಂದು ಅಪ್ಪನ ಹತ್ತಿರ ಹೇಳಿದೆಯಂತೆ. ನನ್ನ ಹತ್ತಿರ ಹೇಳಲಿಲ್ಲ. ಹೆರಿಗೆಯವರೆಗೆ ಮಲಗಿಯೇ ಇರಬೇಕೆಂದು ವೈದ್ಯರು ಹೇಳಿರುವುದು ಅಕ್ಕನಿಗೆ, ನಿಜ. ಆದರೆ ನೀನು ನಿಂತೇ ಇರಬೇಕೆಂದು ಯಾರೂ ಹೇಳಿಲ್ಲವಲ್ಲ, ಆಗಾಗ ಕೂರು. ಅಕ್ಕನ ಆರೋಗ್ಯವನ್ನೂ ವಿಚಾರಿಸಿದೆನೆಂದು ತಿಳಿಸು. ಇಲ್ಲಿ ಅಪ್ಪ, ನಾನು ಕ್ಷೇಮ. ನಿನ್ನ ಹೊಲಿಗೆ ಯಂತ್ರಕ್ಕೆ ಬಟ್ಟೆ ಹೊದಿಸಿಟ್ಟಿದ್ದೇನೆ. ಮೂಲೆಮನೆಯಾಕೆ ಪರದೆಯ ಬಟ್ಟೆಯನ್ನು ಕಂಕುಳಲ್ಲಿ ಇರುಕಿಕೊಂಡು ಬಂದು, “ಅಮ್ಮ ಯಾವಾಗ ಬರ್ತಾರಮ್ಮಾ?” ಎಂದು ದಿನ ಬಿಟ್ಟು ದಿನ ಕೇಳುತ್ತಾಳೆ. ಉತ್ತರ ನನಗೂ ಬೇಕಾಗಿದೆ.

ಈ ಪತ್ರದ ಜೊತೆ ನಿನ್ನ ಓದುವ ಕನ್ನಡಕವನ್ನು ಹತ್ತಿಯಲ್ಲಿ ಸುತ್ತಿ ಕಳಿಸುತ್ತಿದ್ದೇನೆ. ಬಟ್ಟೆ ಕತ್ತರಿಸುವ ಮೇಜಿನ ಡ್ರಾಯರಿನಲ್ಲಿ ಸಿಕ್ಕಿತು. ಹಿಂದಿನ ಪತ್ರಗಳನ್ನೆಲ್ಲ ಅಕ್ಕನೇ ನಿನಗೆ ಓದಿ ಹೇಳಿದಳೆಂದೂ, ಮಧ್ಯೆ ಮಧ್ಯೆ ತುಂಬಾ ನಕ್ಕಳೆಂದೂ ಭಾವ ಫೋನಿನಲ್ಲಿ ಸಂತೋಷದಿಂದ ತಿಳಿಸಿದರು. ನಾನು ಯಾರನ್ನೂ ನಗಿಸಲು ಬರೆದಿರಲಿಲ್ಲ. ಇದನ್ನು ನೀನೇ ಓದು.

ಇನ್ನು ಸುದ್ದಿ. ಈ ಸಲವೂ ತರಗತಿಗೆ ನಾನೇ ಮೊದಲು. ಇದನ್ನು ಸುದ್ದಿಯೆನ್ನುವುದು ಸೂರ್ಯ ಹುಟ್ಟಿದ್ದನ್ನು ಸುದ್ದಿಯೆಂದಂತೆ. ಆದರೂ ಬರೆಯುತ್ತೇನೆ, ಏಕೆಂದರೆ ನೀನು ಕೇಳುವುದನ್ನೇ ಮರೆತೆ. ಬರುವ ಶನಿವಾರ ಕಾಲೇಜಿನ ಸಭಾಂಗಣದಲ್ಲಿ ಮೊದಲ ಸ್ಥಾನದವಳು ಒಂದು ಇಂಗ್ಲಿಷ್ ಕ್ರಿಯಾಪದವನ್ನು ಆರಿಸಿಕೊಂಡು ಅದರ ಅರ್ಥಗಳನ್ನೆಲ್ಲ ಬಿಡಿಸಿ ಮಾತನಾಡಬೇಕು. ನಾನು ‘ಕ್ಯಾರಿ’ ಆರಿಸಿಕೊಂಡೆ. ಯಾಕೆಂದು ನಿನಗೆ ತಿಳಿದೇ ಇದೆ. “ಶಿ ಈಸ್ ಕ್ಯಾರಿಯಿಂಗ್” ಎಂದು ಅಕ್ಕ ಬಸುರಿಯಾದ ಸುದ್ದಿ ತಿಳಿಸಲು ಭಾವ ಕಳಿಸಿದ ಸಂದೇಶವನ್ನು ಅಪ್ಪ ಯಾವುದೋ ಲಿಫ್ಟಿನ ರಿಪೇರಿಯ ನಡುವೆ ಓದಿ, “ಎಷ್ಟು ಕೇಜಿ? ಭಾರ ಎತ್ತಬೇಡ ಅನ್ನಿ, ಕೆಳಗಿಡ್ಲಿ” ಎಂದು ಉತ್ತರಿಸಿದ್ದರಲ್ಲ. ಪಾಪ, ಅವರು ಆ ಪದವನ್ನು ಕಂಡಿದ್ದು ಲಿಫ್ಟಿನೊಳಗಿನ ಫಲಕದಲ್ಲಿ ಮಾತ್ರ: ಇಷ್ಟು ಜನ, ಇಷ್ಟು ಭಾರ. ನೀನು ಹೊಟ್ಟೆ ಹಿಡಿದುಕೊಂಡು ನಕ್ಕೆ. ವೈದ್ಯರ ಮಾತು ಕಿವಿಗೆ ಬಿದ್ದದ್ದೇ ತಡ, ಅಟ್ಟದಿಂದ ಸೂಟ್‌ಕೇಸ್ ಇಳಿಸಿ ಅಕ್ಕನ ಮನೆಗೆ ಹೊರಟೆ.

ಈ ವಿಷಯದಲ್ಲಿ ನಮ್ಮ ಭಾಷೆಗೆ ಬಹಳ ಶಿಸ್ತು. ತಲೆಯ ಮೇಲಿದ್ದರೆ ಹೊರುತ್ತೇವೆ, ಸೊಂಟದ ಮೇಲಿದ್ದರೆ ಎತ್ತಿಕೊಳ್ಳುತ್ತೇವೆ, ಊರಿಂದೂರಿಗಾದರೆ ಸಾಗಿಸುತ್ತೇವೆ. ಇಂಗ್ಲಿಷಿನವರು ಇಷ್ಟನ್ನೂ ಒಂದೇ ಪದದ ಹೆಗಲಿಗೆ ಹಾಕಿ ಕೈತೊಳೆದುಕೊಂಡಿದ್ದಾರೆ. ದನಿ ದೂರಕ್ಕೆ ಕೇಳಿಸಿದರೂ ಕ್ಯಾರಿ, ಸಭೆಯಲ್ಲಿ ನಿರ್ಣಯ ಗೆದ್ದರೂ ಕ್ಯಾರಿ, ಅಂಗಡಿಯವನು ಒಂದು ಸರಕನ್ನು ಮಾರಾಟಕ್ಕೆ ಇಟ್ಟುಕೊಂಡಿದ್ದರೂ ಕ್ಯಾರಿ. ಫೇಲಾದ ವಿಷಯವನ್ನು ಮುಂದಿನ ವರ್ಷಕ್ಕೆ ಎಳೆದುಕೊಂಡು ಹೋದರೆ ಕ್ಯಾರಿ ಓವರ್. ಈ ಕೊನೆಯದಕ್ಕೆ ಉದಾಹರಣೆ ಹುಡುಕಲು ನಾನು ಹೊಸಿಲು ದಾಟಬೇಕಾಗಲಿಲ್ಲ. ಅಕ್ಕ ವರ್ಷ ವರ್ಷವೂ ಧಾರಾಳವಾಗಿ ಒದಗಿಸಿದ್ದಾಳೆ. ಅವಳ ಫಲಿತಾಂಶ ಬಂದ ದಿನ, ಬೇಜಾರಾಗಿದ್ದಾಳೆಂದು ನೀನು ಸಿಹಿ ಮಾಡುತ್ತಿದ್ದೆ. ನನ್ನ ಫಲಿತಾಂಶದ ದಿನ, “ಅವಳಿಗೇನು, ಜಾಣೆ” ಎಂದು ಸೂಜಿಗೆ ದಾರ ಪೋಣಿಸುತ್ತಿದ್ದೆ.

ಲೆಕ್ಕದಲ್ಲೂ ಒಂದು ಕ್ಯಾರಿ ಇದೆ. ಏಳು ಆರು ಹದಿಮೂರು, ಮೂರು ಬರೆ, ಕೈಯಲ್ಲಿ ಒಂದು: ಹೀಗೆ ನೀನು ನಮ್ಮಿಬ್ಬರನ್ನೂ ಎದುರು ಕೂರಿಸಿಕೊಂಡು ಕಲಿಸಿದೆ. ಅಕ್ಕ ಕೈಯಲ್ಲಿನ ಒಂದನ್ನು ಪ್ರತಿ ಸಲವೂ ಮರೆಯುತ್ತಿದ್ದಳು. ಆಗ ನೀನು ಅವಳ ಬೆರಳನ್ನು ಮಡಿಸಿ, ಮುಂದಿನ ಸಾಲು ಕೂಡಿ ಮುಗಿಯುವವರೆಗೆ ನಿನ್ನ ಮುಷ್ಟಿಯಲ್ಲಿ ಹಿಡಿದಿರುತ್ತಿದ್ದೆ. ನಾನು ಮರೆಯುತ್ತಿರಲಿಲ್ಲ, ಆದ್ದರಿಂದ ನನ್ನ ಬೆರಳನ್ನು ಯಾರೂ ಹಿಡಿಯಲಿಲ್ಲ. ಹಳೆಯ ಮನೆಯ ಮೆಟ್ಟಿಲು ನೆನಪಿದೆಯೇ? ಲಿಫ್ಟ್ ಕೆಟ್ಟಿತ್ತು, ರಿಪೇರಿಯವರು ವಾಸಿಸುವ ಕಟ್ಟಡದ ಲಿಫ್ಟೇ ಮೊದಲು ಕೆಡುವುದು. ಎಲ್ಲಿಂದಲೋ ಹಾರಿ ಕಾಲು ಉಳುಕಿಸಿಕೊಂಡ ಅಕ್ಕನನ್ನು ನೀನು ಸೊಂಟದ ಮೇಲೆ ಎತ್ತಿಕೊಂಡೆ. ಅವಳಿಗಿಂತ ಚಿಕ್ಕವಳಾದ ನನ್ನ ಕೈಗೆ ಚೀಲ ಕೊಟ್ಟು, “ನೀನು ಜಾಣೆ, ನಡ್ಕೊಂಡು ಬಾ” ಎಂದೆ. ಅಂದಿನಿಂದ ನಡೆಯುತ್ತಲೇ ಇದ್ದೇನೆ.

ಮೊನ್ನೆ ಫೋನಿನಲ್ಲೂ ಅದೇ ಮಾತು: “ಶನಿವಾರ ಆಗಲ್ಲ ಕಣೆ, ಇವಳನ್ನ ಬಿಟ್ಟು ಹೇಗೆ ಬರ್ಲಿ? ನೀನು ಜಾಣೆ, ನಿಭಾಯಿಸ್ತೀಯ.” ನಾನು “ಪರವಾಗಿಲ್ಲ” ಎಂದೆ. ಫೋನಿಟ್ಟ ಮೇಲೆ ನನ್ನ ಮುಖ ನೋಡಿ ಅಪ್ಪ, “ಭಾರ ಜಾಸ್ತಿಯಾಗಿ ಲಿಫ್ಟು ಕೂಗ್ಕೊಂಡ್ರೆ ಕೊನೆಗೆ ಹತ್ತಿದವರು ಇಳೀಬೇಕು ಮಗಳೇ, ಅದೇ ರೂಲು” ಎಂದರು. ಕೊನೆಗೆ ಹತ್ತಿದ್ದು ಅಕ್ಕನ ಹೊಟ್ಟೆಯಲ್ಲಿರುವ ಕೂಸು, ನಾನಲ್ಲ ಎಂದೆ. “ಅದಿನ್ನೂ ಎಲ್ಲಿ ಹತ್ತಿದೆ, ಬರೀ ಬಟನ್ ಒತ್ತಿದೆ” ಎಂದು ನಕ್ಕರು. ನಿನ್ನ ಬದಲು ತಾವೇ ಮುಂದಿನ ಸಾಲಿನಲ್ಲಿ ಕೂರಲು ಇಸ್ತ್ರಿಯ ಅಂಗಿ ತೆಗೆದಿಟ್ಟಿದ್ದಾರೆ. ಅವರು ತಪ್ಪು ಜಾಗದಲ್ಲಿ ಚಪ್ಪಾಳೆ ತಟ್ಟುತ್ತಾರೆ, ತಟ್ಟಲಿ. ಆದರೆ ನನ್ನ ಮಾತು ನಿಜವಾಗಿ ದೂರಕ್ಕೆ ಕೇಳಿಸಬೇಕಾಗಿರುವುದು ಆ ಸಭಾಂಗಣದ ಕೊನೆಯ ಸಾಲಿಗಲ್ಲ.

ಭಾವನಿಗೆ ನನ್ನ ವಂದನೆ. ಅಕ್ಕನಿಗೆ, ಎದ್ದು ಓಡಾಡದಿದ್ದರೆ, ಪ್ರೀತಿ. ಬಟನ್ ಒತ್ತಿ ಕಾಯುತ್ತಿರುವ ಆ ಪುಟ್ಟ ಜೀವಕ್ಕೆ ಚಿಕ್ಕಮ್ಮನ ಹಾರೈಕೆ. ಅದರ ಮೇಲೆ ನನಗೆ ಕೋಪವಿಲ್ಲ, ಸದ್ಯಕ್ಕೆ.

ಮನೆಯಲ್ಲಿ ಎರಡನೆಯವಳೂ
ತರಗತಿಯಲ್ಲಿ ಮೊದಲನೆಯವಳೂ ಆದ
ನಿನ್ನ ಮಗಳು

ಲಕೋಟೆ ಅಂಟಿಸುವ ಮೊದಲು ಇಷ್ಟು: ಆ ದಿನ ಮೆಟ್ಟಿಲಲ್ಲಿ ಹೊಸ ಚಪ್ಪಲಿ ಕಚ್ಚಿ ನನ್ನ ಹಿಮ್ಮಡಿಯೂ ಸುಲಿದುಹೋಗಿತ್ತು. ನೀನು ಆಗಲೇ ಜಾಣೆ ಎಂದುಬಿಟ್ಟಿದ್ದೆ, ಅದಕ್ಕೇ ಹೇಳಲಿಲ್ಲ. ಭಾವನ ತಾಯಿ ಶುಕ್ರವಾರ ಬಂದು ಭಾನುವಾರದವರೆಗೆ ಅಕ್ಕನ ಜೊತೆ ಇರಲು ಒಪ್ಪಿದ್ದಾರೆ. ನಾನೇ ಫೋನು ಮಾಡಿ ಕೇಳಿಕೊಂಡೆ. ಕೈಯಲ್ಲಿ ಒಂದು ಇದೆ, ಮರೆಯಬೇಡ. ಈ ಸಲ ಜಾಣೆ ಎನ್ನಬೇಡ ಅಮ್ಮಾ, ಬಾ.